ಕೆಟ್ಟದ್ದು ಯಂತ್ರವೋ, ಬದಲಾದದ್ದು ಗಾಳಿಯೋ: ಕರಾವಳಿಯಲ್ಲಿ ಹ್ಯಾಲೋಕಾರ್ಬನ್ ಅಳೆಯುವವರಿಗೆ ದೋಷ ನಿವಾರಣೆ ಕೈಪಿಡಿ

ಮಂಗಳೂರಿನಲ್ಲೋ ಉಡುಪಿಯಲ್ಲೋ ಗಾಳಿಯ ಹ್ಯಾಲೋಕಾರ್ಬನ್ (ಕ್ಲೋರಿನ್, ಫ್ಲೋರಿನ್, ಬ್ರೋಮಿನ್ ಸೇರಿದ ಇಂಗಾಲದ ಅನಿಲಗಳು) ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್, ಅಂದರೆ ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ ಕೂರಿಸಿದವರಿಗೆ ಮೊದಲ ಮಳೆಗಾಲದಲ್ಲೇ ಒಂದು ವಿಷಯ ಗೊತ್ತಾಗುತ್ತದೆ: ಯಂತ್ರದ ಮ್ಯಾನ್ಯುಯಲ್ ಬರೆದವರು ನಮ್ಮ ಜೂನ್ ತಿಂಗಳನ್ನು ಕಂಡವರಲ್ಲ. ಗೋಡೆ ಬೆವರುತ್ತದೆ, ಕರೆಂಟ್ ಹೋಗಿ ಬರುತ್ತದೆ, ತಾರಸಿ ಮೇಲಿನ ಕ್ಲಾಂಪ್ ಒಂದೇ ವರ್ಷಕ್ಕೆ ತುಕ್ಕು ಹಿಡಿಯುತ್ತದೆ. ಇದರ ನಡುವೆ ನಾವು ಹುಡುಕುತ್ತಿರುವುದು ಪಿಪಿಟಿ ಲೆಕ್ಕದ ಅನಿಲ. ಒಂದು ಪಿಪಿಟಿ ಅಂದರೆ ಒಂದು ಲಕ್ಷ ಕೋಟಿ ಕಣಗಳಲ್ಲಿ ಒಂದು ಕಣ.

ಈ ಬರಹ ಎಲೆಕ್ಟ್ರಾನ್ ಕ್ಯಾಪ್ಚರ್ ಡಿಟೆಕ್ಟರ್, ಅಂದರೆ ಇಸಿಡಿ ಇರುವ ಯಂತ್ರಕ್ಕೆ. ತಾರಸಿಯಲ್ಲಿ ಇನ್‌ಲೆಟ್, ಅಲ್ಲಿಂದ ಪೈಪು, ಪಂಪು, ಡ್ರೈಯರ್, ಸ್ಯಾಂಪಲ್ ಲೂಪ್ (ಅಳೆಯುವ ಗಾಳಿ ತುಂಬಿಕೊಳ್ಳುವ ನಿಗದಿತ ಗಾತ್ರದ ಕೊಳವೆ), ವಾಲ್ವ್, ಕಾಲಮ್ (ಅನಿಲಗಳನ್ನು ಬೇರೆ ಬೇರೆ ಮಾಡುವ ಉದ್ದ ಕೊಳವೆ), ಕೊನೆಗೆ ಡಿಟೆಕ್ಟರ್. ಪಕ್ಕದಲ್ಲಿ ಹೋಲಿಕೆಗೆ ಸ್ಟ್ಯಾಂಡರ್ಡ್ ಗ್ಯಾಸ್ ಸಿಲಿಂಡರ್, ಅಂದರೆ ಯಾವ ಅನಿಲ ಎಷ್ಟಿದೆ ಎಂದು ಮೊದಲೇ ಗೊತ್ತಿರುವ ಗಾಳಿ. ಮಾಸ್ ಸ್ಪೆಕ್ಟ್ರೋಮೀಟರ್ (ಕಣಗಳನ್ನು ಅವುಗಳ ತೂಕದಿಂದ ಗುರುತಿಸುವ ಯಂತ್ರ) ಇಟ್ಟುಕೊಂಡವರಿಗೆ ಕೊನೆಯ ಕಡೆ ನಾಲ್ಕು ಮಾತು ಇದೆ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಇಸಿಡಿಯ ಒಳಗೆ ನಿಕಲ್-63 ಎಂಬ ವಿಕಿರಣ ವಸ್ತುವಿನ ತೆಳು ಹಾಳೆ ಇರುತ್ತದೆ. ಅದರ ಬೀಟಾ ಕಿರಣಕ್ಕೆ ಚರ್ಮ ದಾಟುವ ಶಕ್ತಿ ಇಲ್ಲ, ಹಾಗಾಗಿ ಮುಚ್ಚಿದ ಡಿಟೆಕ್ಟರ್ ಪಕ್ಕ ನಿಂತು ಕೆಲಸ ಮಾಡಲು ಹೆದರಬೇಕಿಲ್ಲ. ಆದರೆ ಆ ಪುಡಿ ಉಸಿರಿನಲ್ಲೋ ಊಟದಲ್ಲೋ ಒಳಗೆ ಹೋದರೆ ಕಥೆ ಬೇರೆ. ಡಿಟೆಕ್ಟರ್ ಬಿಚ್ಚುವ ಕೆಲಸ ಯಾವ ಕಾರಣಕ್ಕೂ ನಮ್ಮದಲ್ಲ. ಅದರಿಂದ ಹೊರಬರುವ ಗಾಳಿಯನ್ನು ಕೋಣೆಗೆ ಬಿಡದೆ ಪೈಪು ಹಾಕಿ ಹೊರಗೆ ಕಳಿಸಿ.

ಸ್ಪ್ಯಾನರ್ ಎತ್ತುವ ಮೊದಲು: ಯಾವ ಅನಿಲ ಅಲುಗಿದೆ?

ಏನೋ ಎಡವಟ್ಟು ಕಂಡ ಕೂಡಲೇ ಎಲ್ಲರೂ ಮಾಡುವ ಕೆಲಸ ನಟ್ಟು ಬಿಗಿ ಮಾಡುವುದು. ಅದನ್ನು ಬಿಡಿ. ಖರ್ಚಿಲ್ಲದ ಪರೀಕ್ಷೆ ಒಂದಿದೆ: ಕುಳಿತು ಪೀಕ್‌ಗಳನ್ನು, ಅಂದರೆ ಒಂದೊಂದು ಅನಿಲಕ್ಕೂ ಗೆರೆಯ ಮೇಲೆ ಏಳುವ ಗುಡ್ಡಗಳನ್ನು ನೋಡುವುದು.

ಹಿಂದೆ ಫ್ರಿಜ್, ಫೋಮಿಗೆ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್‌ಗಳಲ್ಲಿ (ಸಿಎಫ್‌ಸಿ) ಸಿಎಫ್‌ಸಿ-11 ಗಾಳಿಯಲ್ಲಿ ಐವತ್ತು ವರ್ಷದಷ್ಟು, ಸಿಎಫ್‌ಸಿ-12 ನೂರು ವರ್ಷದಷ್ಟು ಉಳಿಯುವ ಅನಿಲ. ಇಷ್ಟು ದೀರ್ಘಕಾಲ ಉಳಿಯುವುದರಿಂದ ಅವು ಭೂಮಿಯ ತುಂಬ ಚೆನ್ನಾಗಿ ಬೆರೆತುಹೋಗಿವೆ. ಐರ್ಲೆಂಡಿನ ಮೇಸ್ ಹೆಡ್‌ನಲ್ಲಿ, ಟಾಸ್ಮೇನಿಯಾದ ಕೇಪ್ ಗ್ರಿಮ್‌ನಲ್ಲಿ ಅಳೆದರೂ ಹೆಚ್ಚುಕಮ್ಮಿ ಅದೇ ಅಂಕಿ: ಸಿಎಫ್‌ಸಿ-11 ಸುಮಾರು 220 ಪಿಪಿಟಿ, ಸಿಎಫ್‌ಸಿ-12 490ರ ಆಸುಪಾಸು, ಕಾರ್ಬನ್ ಟೆಟ್ರಾಕ್ಲೋರೈಡ್ 75ರ ಹತ್ತಿರ. ಓಝೋನ್ ಪದರ ಉಳಿಸಲು ಆದ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಇವು ಇಳಿಯುತ್ತಿವೆ ನಿಜ. ಆದರೆ ಸಿಎಫ್‌ಸಿ-11 ಇಳಿಯುವುದು ವರ್ಷಕ್ಕೆ ಎರಡು ಪಿಪಿಟಿ ಆಸುಪಾಸು, ಅಂದರೆ ಶೇಕಡ ಒಂದಕ್ಕಿಂತ ಕಡಿಮೆ. ನಿನ್ನೆ 220 ಇದ್ದದ್ದು ಇವತ್ತು 210 ತೋರಿಸಿದರೆ ಪಣಂಬೂರಿನ ಗಾಳಿ ರಾತ್ರೋರಾತ್ರಿ ಶುದ್ಧವಾಗಲಿಲ್ಲ. ಏರಿಕೆ ಬೇಕಾದರೆ ನಿಜ ಇರಬಹುದು, ಹತ್ತಿರದಲ್ಲಿ ಎಲ್ಲೋ ಸೋರಿರಬಹುದು. ಜಗತ್ತಿನ ಹಿನ್ನೆಲೆ ಮಟ್ಟಕ್ಕಿಂತ ಕೆಳಗೆ ಇಳಿಯಲು ಮಾತ್ರ ಗಾಳಿಗೆ ದಾರಿಯೇ ಇಲ್ಲ. ಈ ಅನಿಲಗಳು ಕಡಿಮೆ ಬಂದರೆ ಅದು ಯಂತ್ರದ್ದೇ ತಪ್ಪು.

ಇನ್ನು ಎರಡು ವಿಷಯ ನೋಡಿಕೊಳ್ಳಿ. ಎಲ್ಲ ಅನಿಲಗಳೂ ಒಂದೇ ಶೇಕಡಾವಾರಿನಲ್ಲಿ ಅಲುಗಿವೆಯಾ, ಅಥವಾ ಒಂದೆರಡು ಮಾತ್ರವಾ? ಎಲ್ಲವೂ ಒಟ್ಟಿಗೆ ಅಲುಗಿದರೆ ಲೂಪಿಗೆ ಹೋದ ಗಾಳಿಯ ಪ್ರಮಾಣದಲ್ಲೇ ವ್ಯತ್ಯಾಸ. ಒಂದೇ ಅಲುಗಿದರೆ ಕಲಬೆರಕೆ, ಪೀಕ್ ಗುರುತಿನ ಗೊಂದಲ, ಅಥವಾ ನಿಜವಾದ ಮೂಲ. ಎರಡನೆಯದು, ಸ್ಟ್ಯಾಂಡರ್ಡ್ ಗ್ಯಾಸ್ ಓಡಿಸಿದಾಗಲೂ ಹಾಗೇ ಆಗುತ್ತಿದೆಯಾ? ಹೌದಾದರೆ ತೊಂದರೆ ವಾಲ್ವ್‌ನಿಂದ ಮುಂದೆ. ಸ್ಟ್ಯಾಂಡರ್ಡ್ ಸರಿ ಇದ್ದು ಹೊರಗಾಳಿ ಮಾತ್ರ ಕೆಟ್ಟಿದ್ದರೆ ತೊಂದರೆ ತಾರಸಿಯಿಂದ ವಾಲ್ವ್‌ವರೆಗಿನ ದಾರಿಯಲ್ಲಿ. ಅರ್ಧ ಕೆಲಸ ಇಲ್ಲಿಗೇ ಮುಗಿಯಿತು.

ಎಲ್ಲ ಪೀಕ್‌ಗಳೂ ಒಟ್ಟಿಗೆ ತಗ್ಗಿವೆ

ಮಳೆಗಾಲದಲ್ಲಿ ಅತಿ ಹೆಚ್ಚು ಕೇಳಿಬರುವ ದೂರು ಇದು. ಮೊದಲು ತಾರಸಿಗೆ ಹೋಗಿ. ಇನ್‌ಲೆಟ್‌ನ ಕೊಡೆಯಂಥ ಮುಚ್ಚಳವನ್ನು ತಿರುಗಿಸಿ ಒಳಗೆ ನೋಡಿ. ಕುಂಬಾರ ಹುಳಕ್ಕೆ ಕಾಲಿಂಚಿನ ಪೈಪಿನ ಬಾಯಿ ಅಂದರೆ ಬಹಳ ಇಷ್ಟ, ಎರಡು ದಿನ ಬಿಟ್ಟರೆ ಮಣ್ಣಿನ ಗೂಡು ರೆಡಿ. ಗೂಡು ಇಲ್ಲದಿದ್ದರೆ ಫಿಲ್ಟರ್ ನೋಡಿ. ಉಪ್ಪು ಮತ್ತು ಧೂಳು ಸೇರಿ ಬೂದು ಬಣ್ಣದ ಹೆಪ್ಪು ಕಟ್ಟಿರುತ್ತದೆ, ಕಡಲ ದಂಡೆ ಹತ್ತಿರವಿದ್ದಷ್ಟೂ ಬೇಗ. ಬಾಯಿಗೆ ಸ್ಟೀಲಿನ ಸಣ್ಣ ಜಾಲರಿ ಹಾಕಿಸಿ.

ಹರಿವು ಸರಿ ಇದೆ ಅಂತಾದರೆ ಲೂಪ್ ಕಡೆ ಬನ್ನಿ. ಲೂಪಿನ ಗಾತ್ರ ಬದಲಾಗುವುದಿಲ್ಲ, ಆದರೆ ಒಳಗೆ ಎಷ್ಟು ಕಣ ಹಿಡಿಯುತ್ತದೆ ಎನ್ನುವುದು ಒತ್ತಡ ಮತ್ತು ತಾಪದ ಮೇಲೆ ನಿಂತಿದೆ. ತಾಪ 1 ಡಿಗ್ರಿ ಏರಿದರೆ ಶೇಕಡ 0.33ರಷ್ಟು ಗಾಳಿ ಕಡಿಮೆ. ಎಸಿ ಆಫ್ ಆಗಿ ಕೋಣೆ 3 ಡಿಗ್ರಿ ಬಿಸಿಯಾದರೆ ಸಿಎಫ್‌ಸಿ-11ರ ಒಂದು ವರ್ಷದ ಜಾಗತಿಕ ಇಳಿಕೆ ನಿಮ್ಮ ಕಾಗದದ ಮೇಲೆ ಒಂದೇ ಮಧ್ಯಾಹ್ನದಲ್ಲಿ ಬಂದುಬಿಡುತ್ತದೆ. ಲೂಪನ್ನು ಸ್ಥಿರ ತಾಪದ ಪೆಟ್ಟಿಗೆಯಲ್ಲಿ ಇಡಿ. ಗಾಳಿ ತುಂಬಿದ ಮೇಲೆ ಹರಿವು ನಿಲ್ಲಿಸಿ, ಒತ್ತಡ ಹೊರಗಿನ ಮಟ್ಟಕ್ಕೆ ಬರಲು ಕೆಲವು ಸೆಕೆಂಡು ಬಿಟ್ಟು, ಆಮೇಲೆ ವಾಲ್ವ್ ತಿರುಗಿಸಿ.

ಒತ್ತಡದ ವಿಷಯದಲ್ಲಿ ಒಂದು ಸ್ವಾರಸ್ಯ ಇದೆ. ನಮ್ಮಂಥ ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಗ್ಗೆ ಮತ್ತು ರಾತ್ರಿ 10ರ ಸುಮಾರಿಗೆ ಮೇಲೆ, ಸಂಜೆ ಮತ್ತು ಬೆಳಗಿನ ಜಾವ 4ರ ಸುಮಾರಿಗೆ ಕೆಳಗೆ. ಒಟ್ಟು ವ್ಯತ್ಯಾಸ 3 ಹೆಕ್ಟೋಪಾಸ್ಕಲ್ ಆಸುಪಾಸು, ಅಂದರೆ ಶೇಕಡ 0.3. ನಿಮ್ಮ ಎಲ್ಲ ಪೀಕ್‌ಗಳೂ ಗಡಿಯಾರ ನೋಡಿಕೊಂಡು ಹತ್ತಕ್ಕೆ ಏರಿ ನಾಲ್ಕಕ್ಕೆ ಇಳಿಯುತ್ತಿದ್ದರೆ ಯಂತ್ರಕ್ಕೆ ಏನೂ ಆಗಿಲ್ಲ. ಲೂಪಿನ ಒತ್ತಡವನ್ನು ದಾಖಲಿಸಿ ಲೆಕ್ಕದಲ್ಲಿ ಸರಿಪಡಿಸಿದರೆ ಸಾಕು.

ಇದೂ ಅಲ್ಲ, ಸ್ಟ್ಯಾಂಡರ್ಡ್ ಸರಿಯಾಗಿದೆ, ಹೊರಗಾಳಿ ಮಾತ್ರ ಶೇಕಡ ಮೂರರಷ್ಟು ಕಡಿಮೆ ಬರುತ್ತಿದೆ ಅಂತಾದರೆ, ಮಾರಾಯ್ರೆ, ಅದು ನೀರು. ಲೆಕ್ಕ ಹಾಕಿ ನೋಡಿ. 27 ಡಿಗ್ರಿ ತಾಪ, ಶೇಕಡ 90 ತೇವಾಂಶ ಇರುವ ಜುಲೈ ಗಾಳಿಯಲ್ಲಿ ನೀರಾವಿಯ ಪಾಲೇ ಶೇಕಡ 3.2. ಡ್ರೈಯರ್ ಕೈಕೊಟ್ಟರೆ ಲೂಪಿನಲ್ಲಿ ಅಷ್ಟು ಜಾಗವನ್ನು ನೀರಾವಿ ಹಿಡಿದುಕೊಳ್ಳುತ್ತದೆ. 220 ಇರಬೇಕಾದ ಸಿಎಫ್‌ಸಿ-11 213 ಆಗುತ್ತದೆ. ಸ್ಟ್ಯಾಂಡರ್ಡ್ ಒಣ ಗಾಳಿ, ಅದಕ್ಕೆ ಅದು ಬದಲಾಗುವುದಿಲ್ಲ.

ಡ್ರೈಯರ್ ಏಕೆ ಸೋಲುತ್ತದೆ? ಸಾಮಾನ್ಯ ಕಾರಣ ಎಸಿ. ಹೊರಗಿನ ಗಾಳಿಯ ಇಬ್ಬನಿ ಬಿಂದು (ನೀರಾವಿ ಹನಿಗಟ್ಟುವ ತಾಪ) 24–25 ಡಿಗ್ರಿ ಇರುವಾಗ ಕೋಣೆಯನ್ನು 21ಕ್ಕೆ ಇಟ್ಟರೆ, ಪೈಪು ಗೋಡೆ ದಾಟಿದ ಕೂಡಲೇ ಬೆವರುತ್ತದೆ. ಫ್ರಿಜ್‌ನಿಂದ ತೆಗೆದ ಬಾಟಲಿಯ ಹಾಗೆ, ಆದರೆ ಇಲ್ಲಿ ಬೆವರುವುದು ಒಳಮೈ, ಹಾಗಾಗಿ ಕಣ್ಣಿಗೆ ಕಾಣುವುದಿಲ್ಲ. ಪೈಪನ್ನು ಬಿಚ್ಚಿ ಬಿಳಿ ಟಿಶ್ಯೂ ಮೇಲೆ ಬಾಗಿಸಿ. ಒಂದು ಹನಿ ಬಿದ್ದರೂ ತೀರ್ಮಾನವಾಯಿತು. ಪಂಪಿನ ನಂತರ ಒತ್ತಡ ಜಾಸ್ತಿ ಇರುವ ಕಡೆ ನೀರು ಇನ್ನೂ ಬೇಗ ಕೂಡುತ್ತದೆ. ಎಸಿಯನ್ನು 26–27ಕ್ಕೆ ಏರಿಸಿ, ಗೋಡೆಯಿಂದ ಡ್ರೈಯರ್‌ವರೆಗಿನ ಪೈಪಿಗೆ ಹೀಟಿಂಗ್ ಟೇಪ್ ಸುತ್ತಿ, ಪೈಪಿಗೆ ಇಳಿಜಾರು ಕೊಟ್ಟು ತಗ್ಗಿನಲ್ಲಿ ನೀರು ಹಿಡಿಯುವ ಬಾಟಲಿ ಇಡಿ.

ನ್ಯಾಫಿಯಾನ್ ಡ್ರೈಯರ್ (ನೀರಾವಿಯನ್ನು ಕೊಳವೆಯ ಗೋಡೆ ಮೂಲಕ ಹೊರಬಿಡುವಂಥದ್ದು) ಇದ್ದವರು ಅದರ ಹೊರಕೊಳವೆಯಲ್ಲಿ ಎದುರು ದಿಕ್ಕಿಗೆ ಹರಿಯುವ ಒಣ ಗಾಳಿಯನ್ನೂ ನೋಡಬೇಕು. ಅದನ್ನು ಒಣಗಿಸುವ ಸಿಲಿಕಾ ಜೆಲ್ ಬಣ್ಣ ತಿರುಗಿ ವಾರವಾಗಿದ್ದರೆ ಡ್ರೈಯರ್ ಹೆಸರಿಗೆ ಮಾತ್ರ ಇದೆ ಅಂತ ಅರ್ಥ. ಗಾಳಿ ಒಣಗಿಸಲು ಮೆಗ್ನೀಷಿಯಂ ಪರ್‌ಕ್ಲೋರೇಟ್ ಬಳಸುವವರಿಗೆ ಒಂದು ಮಾತು: ಅದು ಬಲವಾದ ಆಕ್ಸಿಡೈಸರ್, ಅಂದರೆ ಬೇರೆ ವಸ್ತು ಹೊತ್ತಿಕೊಳ್ಳಲು ನೆರವಾಗುವಂಥದ್ದು. ಹತ್ತಿ, ಕಾಗದ, ಎಣ್ಣೆ, ಗ್ರೀಸ್ ಯಾವುದೂ ಅದಕ್ಕೆ ತಾಗಬಾರದು. ತುದಿಗೆ ಗಾಜಿನ ಉಣ್ಣೆಯನ್ನೇ ಇಡಿ, ಬಳಸಿದ್ದನ್ನು ಕಸದ ಬುಟ್ಟಿಗೆ ಹಾಕಬೇಡಿ.

ಮಳೆಗಾಲದಲ್ಲಿ ಎಸ್‌ಎಫ್‌6 ಇಳಿಯಿತು, ಉಳಿದವು ಇಳಿಯಲಿಲ್ಲ

ಇದನ್ನು ಬೇಕಂತಲೇ ಬೇರೆ ಬರೆಯುತ್ತಿದ್ದೇನೆ, ಯಾಕೆಂದರೆ ಮೇಲಿನದನ್ನು ಓದಿದವರು ಇದನ್ನೂ ನೀರಿನ ತಲೆಗೆ ಕಟ್ಟಿಬಿಡುತ್ತಾರೆ. ಸಲ್ಫರ್ ಹೆಕ್ಸಾಫ್ಲೋರೈಡ್ (ಎಸ್‌ಎಫ್‌6) ಲೆಕ್ಕಕ್ಕೆ ಹ್ಯಾಲೋಕಾರ್ಬನ್ ಅಲ್ಲ, ಆದರೆ ಅದೇ ಇಸಿಡಿಯಲ್ಲಿ ಕಾಣುತ್ತದೆ. ಅದನ್ನು ಹೊರಬಿಡುವುದು ಹೆಚ್ಚಾಗಿ ಉತ್ತರ ಗೋಳಾರ್ಧ, ಪ್ರತಿ ವರ್ಷ ಅದು ಏರುತ್ತಲೂ ಇದೆ. ಹಾಗಾಗಿ ದಕ್ಷಿಣದ ಗಾಳಿಯಲ್ಲಿ ಅದು ಒಂದು ಪಿಪಿಟಿಯ ಮೂರನೇ ಒಂದರಷ್ಟು ಕಡಿಮೆ. ನೈಋತ್ಯ ಮಾನ್ಸೂನ್ ನಮ್ಮ ಕರಾವಳಿಗೆ ತರುವುದು ಸಮಭಾಜಕ ದಾಟಿ ಬಂದ ಗಾಳಿಯನ್ನೇ. 11 ಪಿಪಿಟಿಗೆ ಅಷ್ಟು ಇಳಿಕೆ ಅಂದರೆ ಅದೂ ಶೇಕಡ ಮೂರರ ಹತ್ತಿರ! ನೀರು ಮಾಡುವ ತೊಂದರೆಯಷ್ಟೇ ಗಾತ್ರ.

ಬೇರೆ ಮಾಡುವುದು ಸುಲಭ. ಸಿಎಫ್‌ಸಿ-12 ಮತ್ತು ನೈಟ್ರಸ್ ಆಕ್ಸೈಡ್‌ಗೆ ಉತ್ತರ–ದಕ್ಷಿಣದ ವ್ಯತ್ಯಾಸ ಬಹಳ ಸಣ್ಣದು. ಅವು ಜಾಗದಲ್ಲೇ ನಿಂತು ಎಸ್‌ಎಫ್‌6 ಮಾತ್ರ ಇಳಿದರೆ ಗಾಳಿ ನಿಜ ಹೇಳುತ್ತಿದೆ. ಮೂರೂ ಒಂದೇ ಅಳತೆಯಲ್ಲಿ ಇಳಿದರೆ ಡ್ರೈಯರ್ ನೋಡಿ.

ಬೇಸ್‌ಲೈನ್ ದಿನೇ ದಿನೇ ಏರುತ್ತಿದೆ

ಇಸಿಡಿಗೆ ಆಕ್ಸಿಜನ್ ಮತ್ತು ನೀರು ಎರಡೂ ಆಗಿಬರುವುದಿಲ್ಲ. ಸ್ಯಾಂಪಲನ್ನು ಕಾಲಮ್ಮಿನ ಮೂಲಕ ಹೊತ್ತೊಯ್ಯುವ ಕ್ಯಾರಿಯರ್ ಗ್ಯಾಸಿನಲ್ಲಿ ಚೂರು ಗಾಳಿ ಸೇರಿದರೂ ಬೇಸ್‌ಲೈನ್ (ಪೀಕ್ ಇಲ್ಲದಾಗ ಇರುವ ಗೆರೆ) ಏರಿ ಪೀಕ್‌ಗಳು ಕುಗ್ಗುತ್ತವೆ.

ಲಾಗ್‌ಬುಕ್ ತೆಗೆದು, ಏರಲು ಶುರುವಾದದ್ದು ಯಾವ ದಿನ ಅಂತ ನೋಡಿ. ಸಿಲಿಂಡರ್ ಬದಲಾಯಿಸಿದ ದಿನವೇ ಆಗಿದ್ದರೆ ಹೊಸ ಸಿಲಿಂಡರ್ ಮೇಲೆ, ಇಲ್ಲವೇ ರೆಗ್ಯುಲೇಟರ್ ಹಾಕುವಾಗ ಒಳಗೆ ಉಳಿದ ಗಾಳಿಯ ಮೇಲೆ ಸಂಶಯ. ರೆಗ್ಯುಲೇಟರನ್ನು ತುಂಬಿಸಿ ಖಾಲಿ ಮಾಡುವುದನ್ನು ಹಲವು ಸಲ ಮಾಡಬೇಕು, ಒಂದು ಸಲ ಉಸ್ಸೆನಿಸಿದರೆ ಸಾಲದು. ಸಿಲಿಂಡರ್ ಹಳೆಯದಾಗಿದ್ದರೆ ಒತ್ತಡ ನೋಡಿ. 20 ಬಾರ್‌ಗಿಂತ ಕೆಳಗೆ ಇಳಿದ ಸಿಲಿಂಡರಿನಲ್ಲಿ ತೇವ ಮತ್ತು ಕಲ್ಮಶದ ಪಾಲು ಏರುತ್ತದೆ. ಕೊನೆಯ ಹನಿವರೆಗೂ ಬಳಸುವ ಉಳಿತಾಯ ಇಲ್ಲಿ ನಷ್ಟ. ಆಮೇಲೆ ಕ್ಯಾರಿಯರ್ ಗ್ಯಾಸಿನ ಆಕ್ಸಿಜನ್ ಹೀರುವ ಟ್ರಾಪಿನ ಬಣ್ಣ ನೋಡಿ. ಬಣ್ಣ ತುದಿಯವರೆಗೆ ತಿರುಗಿದ್ದರೆ ಬದಲಾಯಿಸಿ.

ಇಷ್ಟಕ್ಕೂ ಸರಿಯಾಗದಿದ್ದರೆ ಲೀಕ್. ದಯವಿಟ್ಟು ಸೋಪು ನೀರು ಹಚ್ಚಬೇಡಿ. ಅಡುಗೆ ಗ್ಯಾಸಿಗೆ ಅದು ಸರಿ, ಇಲ್ಲಿ ಸಣ್ಣ ಲೀಕಿನ ಮೂಲಕ ಸೋಪಿನ ಅಂಶ ಒಳಗೆ ಸರಿದು ವಾರಗಟ್ಟಲೆ ಕಾಡುತ್ತದೆ. ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಲೈನಿನ ತುದಿ ಮುಚ್ಚಿ, ಒತ್ತಡ ತುಂಬಿ, ಸಿಲಿಂಡರ್ ಬಂದ್ ಮಾಡಿ ಒತ್ತಡದ ಮೀಟರಿನ ಮುಳ್ಳು ಇಳಿಯುತ್ತದಾ ಅಂತ ಕಾಯಿರಿ.

ಮುಂದಿನದು ಸ್ವಲ್ಪ ಕೈಚಳಕದ ಕೆಲಸ. ಕಾಲಮ್ ಇರುವ ಓವನ್ನಿನ ತಾಪವನ್ನು 20 ಡಿಗ್ರಿ ಇಳಿಸಿ ನೋಡಿ. ಬೇಸ್‌ಲೈನ್ ಕೂಡ ಇಳಿದರೆ ಕಾಲಮ್ ತನ್ನದೇ ಅಂಶ ಬಿಡುತ್ತಿದೆ. ಇಳಿಯದಿದ್ದರೆ ಎಲ್ಲ ತಣ್ಣಗಾದ ಮೇಲೆ ಕಾಲಮ್ಮಿನ ತುದಿಯನ್ನು ಡಿಟೆಕ್ಟರಿನಿಂದ ಬಿಡಿಸಿ, ಆ ಜಾಗವನ್ನು ಕೂಡಲೇ ಮುಚ್ಚಿ, ಮೇಕಪ್ ಗ್ಯಾಸ್ (ಡಿಟೆಕ್ಟರಿಗೆ ನೇರವಾಗಿ ಕೊಡುವ ಗ್ಯಾಸ್) ಮಾತ್ರ ಹರಿಸಿ ಬಿಸಿ ಮಾಡಿ. ಬೇಸ್‌ಲೈನ್ ಇಳಿಯಿತು ಅಂದರೆ ತೊಂದರೆ ಹಿಂದೆ ಎಲ್ಲೋ ಇದೆ. ಹಾಗೇ ಉಳಿಯಿತು ಅಂದರೆ ಮೇಕಪ್ ಗ್ಯಾಸ್ ಅಥವಾ ಡಿಟೆಕ್ಟರ್ ಕೊಳೆಯಾಗಿದೆ. ಶುದ್ಧ ಗ್ಯಾಸ್ ಹರಿಸುತ್ತಾ ಮ್ಯಾನ್ಯುಯಲ್ ಹೇಳಿದ ಗರಿಷ್ಠ ತಾಪದೊಳಗೆ ರಾತ್ರಿಯಿಡೀ ಕಾಯಿಸುವುದು ನಾವು ಮಾಡಬಹುದಾದ ಕೊನೆಯ ಕೆಲಸ. ಆ ತಾಪ ಮೀರಿಸಬೇಡಿ, ಹಾಳೆ ಹಾಳಾಗುತ್ತದೆ. ಲೀಕ್ ಇರುವಾಗ ಕಾಯಿಸಲೂಬೇಡಿ.

ಕರೆಂಟ್ ಹೋಗಿ ಬಂದ ಮೇಲೆ ಬೇಸ್‌ಲೈನ್ ಕೆಲವು ಗಂಟೆ ಅಲೆಯುವುದು ರೋಗ ಅಲ್ಲ. ಸುಮ್ನೆ ಬಿಡಿ.

ಬೇಸ್‌ಲೈನ್ ಅಲೆ ಅಲೆಯಾಗಿದೆ, ಮಧ್ಯೆ ಮುಳ್ಳುಗಳೂ ಬರುತ್ತಿವೆ

ಅಲೆ ನಿಯಮಿತವಾಗಿದ್ದರೆ ಎಸಿಯ ಕಂಪ್ರೆಸರ್ ಸದ್ದಿನ ಜೊತೆ ತಾಳೆ ನೋಡಿ. ಬಹುಪಾಲು ಅಲ್ಲೇ ಸಿಗುತ್ತದೆ. ಎಸಿಯ ಗಾಳಿ ನೇರ ಯಂತ್ರಕ್ಕೆ ಬೀಳದ ಹಾಗೆ ಒಂದು ತಡೆ ಇಡಿ.

ಮುಳ್ಳುಗಳು, ಅಂದರೆ ಗೆರೆಯಲ್ಲಿ ಚೂಪಾದ ಜಿಗಿತಗಳು ಬಂದರೆ ಪಂಪು ಮತ್ತು ಯಂತ್ರ ಒಂದೇ ಪ್ಲಗ್ಗಿನಲ್ಲಿ ಇವೆಯಾ ನೋಡಿ, ಬೇರೆ ಮಾಡಿ. ಬೇಸಿಗೆಯ ಕೊನೆಗೆ ಮುಳ್ಳು ಹೆಚ್ಚಾಗುತ್ತಿದ್ದರೆ ಅರ್ಥಿಂಗ್ ಪರೀಕ್ಷಿಸಿ. ನಮ್ಮ ಮುರಕಲ್ಲಿನ ನೆಲ ಏಪ್ರಿಲ್‌ನಲ್ಲಿ ಒಣಗಿದಾಗ ಅರ್ಥಿಂಗ್ ಗುಂಡಿ ಕೆಲಸಕ್ಕೆ ಬಾರದಂತಾಗುತ್ತದೆ. ಅಳೆಯುವುದು ಎಲೆಕ್ಟ್ರಿಷಿಯನ್ ಕೆಲಸ. ಮುಂಗಾರಿಗೆ ಮುಂಚಿನ ಸಂಜೆಗಳಲ್ಲಿ, ಮತ್ತೆ ಅಕ್ಟೋಬರಿನಲ್ಲಿ, ಗುಡುಗು ಕೇಳಿಸಿದ ಮೇಲೆ ತಾರಸಿಗೆ ಹೋಗಬೇಡಿ.

ಕ್ಲೋರೋಫಾರ್ಮ್ ಮಾತ್ರ ಎದ್ದು ನಿಂತಿದೆ

ಸ್ವಚ್ಛ ಗಾಳಿಯಲ್ಲಿ ಕ್ಲೋರೋಫಾರ್ಮ್ ಕೆಲವೇ ಪಿಪಿಟಿ ಇರುತ್ತದೆ. ಅದು ಹತ್ತು ಪಟ್ಟಾದರೆ ಎಲ್ಲರೂ ಕೈಗಾರಿಕೆ ಕಡೆ ಬೆರಳು ತೋರಿಸುತ್ತಾರೆ. ಬೈಕಂಪಾಡಿ ಕೈಗಾರಿಕಾ ಪ್ರದೇಶ ಹತ್ತಿರವೇ ಇದೆ, ಕೈ ತೋರಿಸುವುದು ಸುಲಭ. ಅದಕ್ಕೂ ಮೊದಲು ನೆಲ ಒರೆಸುವವರನ್ನು ಕೇಳಿ.

ಮಳೆಗಾಲದಲ್ಲಿ ನಮ್ಮ ಕಡೆ ಬ್ಲೀಚಿಂಗ್ ಪೌಡರ್ ಬಳಕೆ ಹೇಳುವುದೇ ಬೇಡ. ಪಾಚಿ ಕಟ್ಟಿದ ಮೆಟ್ಟಿಲಿಗೆ, ಅಂಗಳಕ್ಕೆ, ಬಾವಿಗೆ, ಟಾಯ್ಲೆಟ್ಟಿಗೆ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಕೊಳೆತ ಎಲೆ, ಪಾಚಿ, ಮಣ್ಣಿನ ಅಂಶದ ಜೊತೆ ಸೇರಿದರೆ ಹುಟ್ಟುವ ವಸ್ತುಗಳಲ್ಲಿ ಕ್ಲೋರೋಫಾರ್ಮ್ ಒಂದು. ಕ್ಲೋರಿನ್ ಹಾಕಿದ ನಲ್ಲಿ ನೀರಿನಲ್ಲೂ ಅದು ಇರುತ್ತದೆ. ಹಾಗಾಗಿ ಬೆಳಗ್ಗೆ ಕಾರಿಡಾರ್ ತೊಳೆದ ಹೊತ್ತಿಗೆ ಪೀಕ್ ಏರಿ, ಮಧ್ಯಾಹ್ನಕ್ಕೆ ಇಳಿಯುವುದು, ಭಾನುವಾರ ಏರದೇ ಇರುವುದು ಕಂಡರೆ ಮೂಲ ಬಕೆಟ್ಟಿನಲ್ಲಿದೆ. ತಾರಸಿಯ ನೀರಿನ ಟ್ಯಾಂಕಿನ ಪಕ್ಕ ಇನ್‌ಲೆಟ್ ಇಟ್ಟವರಿಗೂ ಇದೇ ಪಾಡು. ಟ್ಯಾಂಕಿನಿಂದ ದೂರ, ಗಾಳಿ ಬರುವ ಕಡೆಗೆ ಸರಿಸಿ.

ಪಕ್ಕದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕ್ಲೋರೋಫಾರ್ಮ್, ಡೈಕ್ಲೋರೋಮೀಥೇನ್ ಬಳಸುತ್ತಿದ್ದಾರಾ ಕೇಳಿ. ಅವರ ಫ್ಯೂಮ್ ಹುಡ್ಡಿನ ಚಿಮಣಿ ಎಲ್ಲಿಗೆ ತೆರೆಯುತ್ತದೆ ಅಂತ ತಾರಸಿಯಲ್ಲಿ ನೋಡಿದರೆ ಒಮ್ಮೊಮ್ಮೆ ನಗು ಬರುತ್ತದೆ.

ಸಿಎಫ್‌ಸಿ-11 ಅಥವಾ 12 ದಿಢೀರನೆ ಹೆಚ್ಚಾಗಿದೆ

ಇಲ್ಲಿ ಗೊತ್ತುಮಾಡಿಕೊಳ್ಳಬೇಕಾದದ್ದು ಒಂದೇ: ಯಂತ್ರ ಕುಡಿಯುತ್ತಿರುವುದು ಹೊರಗಿನ ಗಾಳಿಯನ್ನೋ, ಕೋಣೆಯ ಗಾಳಿಯನ್ನೋ? ಹಳೇ ಫ್ರಿಜ್ಜಿನ ಗೋಡೆಯೊಳಗಿನ ಫೋಮಿನಲ್ಲಿ ಸಿಎಫ್‌ಸಿ-11 ಇರುತ್ತದೆ, ಅದರ ಕಂಪ್ರೆಸರಿನಲ್ಲಿ ಸಿಎಫ್‌ಸಿ-12. ಅಂಥ ಒಂದು ಫ್ರಿಜ್ ಮೂಲೆಯಲ್ಲಿದ್ದರೂ ಕೋಣೆಯ ಮಟ್ಟ ಹೊರಗಿನದಕ್ಕಿಂತ ಏರಿರುತ್ತದೆ.

ಅಗ್ಗದ ಪರೀಕ್ಷೆ: ತಾರಸಿಯಲ್ಲಿ ಇನ್‌ಲೆಟ್ ಬಾಯಿಯನ್ನು ಬಿಗಿಯಾಗಿ ಮುಚ್ಚಿಸಿ, ಕೆಳಗೆ ಹರಿವಿನ ಮೀಟರ್ ನೋಡಿ. ಸೊನ್ನೆಗೆ ಬರಬೇಕು. ಬರದಿದ್ದರೆ ಪಂಪು ಬೇರೆಲ್ಲಿಂದಲೋ ಎಳೆಯುತ್ತಿದೆ. ಪಂಪಿನ ಡಯಾಫ್ರಾಮ್ ಹರಿದಿದೆಯಾ ನೋಡಿ, ಆಮೇಲೆ ಒಂದೊಂದೇ ಜೋಡಣೆ.

ಸೊನ್ನೆಗೆ ಬಂದರೂ ಅನುಮಾನ ಉಳಿದಿದ್ದರೆ ತಾರಸಿ ತುದಿಯಿಂದಲೇ ಶುದ್ಧ ನೈಟ್ರೋಜನ್ ಹರಿಸಿ ಓಡಿಸಿ. ಒಂದೂ ಪೀಕ್ ಬರಬಾರದು. ಬಂದರೆ ಅದು ದಾರಿಯಲ್ಲೇ ಸೇರಿಕೊಂಡದ್ದು: ರಬ್ಬರ್ ಓ-ರಿಂಗ್, ಮೆತ್ತನೆಯ ಪ್ಲಾಸ್ಟಿಕ್ ಪೈಪು, ಟೆಫ್ಲಾನ್ ಕೊಳವೆ. ಇವೆಲ್ಲ ಹ್ಯಾಲೋಕಾರ್ಬನ್ ಹೀರಿ ನಿಧಾನವಾಗಿ ಬಿಡುತ್ತವೆ. ಆದಷ್ಟು ಸ್ಟೇನ್‌ಲೆಸ್ ಸ್ಟೀಲ್ ಬಳಸಿ. ತುಕ್ಕು ಬಿಡಿಸುವ ಸ್ಪ್ರೇ, ಕಾಂಟ್ಯಾಕ್ಟ್ ಕ್ಲೀನರ್, ಧೂಳು ಹಾರಿಸುವ ಕ್ಯಾನ್ ಯಾವುದೂ ಈ ಕೋಣೆಗೆ ಬರಬಾರದು.

ಎಲ್ಲ ಸರಿ ಇದ್ದೂ ಪೀಕ್ ಹೆಚ್ಚೇ ಇದ್ದರೆ ಗಾಳಿಯ ದಿಕ್ಕು ನೋಡಿ. ನಮ್ಮಲ್ಲಿ ಮಧ್ಯಾಹ್ನ ಕಡಲಿನಿಂದ, ರಾತ್ರಿ ನೆಲದಿಂದ ಬೀಸುತ್ತದೆ. ಬೆಳಗಿನ ಜಾವ ನೆಲಗಾಳಿಯಲ್ಲಿ ಏರಿ, ಕಡಲಗಾಳಿ ಬಂದ ಕೂಡಲೇ ಇಳಿದರೆ ಊರಿನೊಳಗೆ ಎಲ್ಲೋ ನಿಜವಾದ ಮೂಲ ಇದೆ, ಗುಜರಿ ಅಂಗಡಿಯಲ್ಲಿ ಫ್ರಿಜ್ ಒಡೆಯುತ್ತಿರಬಹುದು. ದಿಕ್ಕು ಏನೇ ಆದರೂ ಅಂಕಿ ಒಂದೇ ಇದ್ದರೆ ಮೂಲ ನಿಮ್ಮ ಕಟ್ಟಡದಲ್ಲೇ ಇದೆ. ನಿಜವಾದ ಏರಿಕೆಯನ್ನು ಯಂತ್ರದ ತಪ್ಪು ಅಂತ ಅಳಿಸಿಹಾಕುವುದೂ ಅಷ್ಟೇ ಕೆಟ್ಟದ್ದು ಅಲ್ವಾ? ಸಿಎಫ್‌ಸಿ-11 ನಿರೀಕ್ಷಿಸಿದಷ್ಟು ವೇಗದಲ್ಲಿ ಇಳಿಯುತ್ತಿಲ್ಲ ಎಂದು 2018ರಲ್ಲಿ ತಿಳಿದದ್ದು, ಮರುವರ್ಷ ಅದಕ್ಕೆ ಕಾರಣವಾದ ಹೆಚ್ಚುವರಿ ಅನಿಲದ ಒಂದು ದೊಡ್ಡ ಪಾಲು ಪೂರ್ವ ಚೀನಾದಿಂದ ಬರುತ್ತಿದೆ ಎಂದು ಗೊತ್ತಾದದ್ದು, ಸಣ್ಣ ವ್ಯತ್ಯಾಸವನ್ನೂ ಬಿಡದೆ ನೋಡಿದವರಿಂದ.

ಮೀಥೈಲ್ ಕ್ಲೋರೈಡ್, ಬ್ರೋಮಿನ್ ಅನಿಲಗಳು ಏರಿಳಿಯುತ್ತಿವೆ

ಇವು ಕರಾವಳಿಯಲ್ಲಿ ನಿಜವಾಗಿಯೂ ಏರಿಳಿಯುತ್ತವೆ, ಯಂತ್ರ ಬೈಯಬೇಡಿ. ಕಾಪುವಿನಂಥ ಬಂಡೆಯ ದಂಡೆಯಲ್ಲಿ ಇಳಿತದ ಹೊತ್ತು ಕಡಲಪಾಚಿ ಬಿಸಿಲಿಗೆ ಬಿದ್ದಾಗ ಬ್ರೋಮೋಫಾರ್ಮ್ ಹೊರಬರುತ್ತದೆ. ಭರತ–ಇಳಿತದ ಪಟ್ಟಿ ಇಟ್ಟು ತಾಳೆ ನೋಡಿ. ಮಳೆಗೆ ಮುಂಚೆ ತೋಟಗಳಲ್ಲಿ ಸುಡುಮಣ್ಣು ಹಾಕುವಾಗ, ಮಡಲು–ತರಗೆಲೆ ಸುಡುವಾಗ ಮೀಥೈಲ್ ಕ್ಲೋರೈಡ್ ಏರುತ್ತದೆ. ಮೀಥೈಲ್ ಬ್ರೋಮೈಡ್ ಚೂಪಾಗಿ ಎದ್ದರೆ ಬಂದರು ಇರುವ ಊರು ಎಂಬುದು ನೆನಪಿರಲಿ. ಸರಕಿನಲ್ಲಿರುವ ಹುಳ ಕೊಲ್ಲಲು ಈ ಅನಿಲದಿಂದ ಹಾಕುವ ಕ್ವಾರಂಟೈನ್ ಹೊಗೆಗೆ ಮಾಂಟ್ರಿಯಲ್ ಒಪ್ಪಂದದಲ್ಲೂ ವಿನಾಯಿತಿ ಇದೆ.

ಪೀಕ್‌ಗಳು ಜಾಗ ಬಿಟ್ಟಿವೆ

ಎಲ್ಲ ಪೀಕ್‌ಗಳೂ ತಡವಾದರೆ ಹರಿವು ಕಡಿಮೆ ಅಥವಾ ಓವನ್ ತಣ್ಣಗಿದೆ. ಎಲ್ಲವೂ ಬೇಗ ಬಂದು ಒಂದರ ಮೇಲೊಂದು ಬಿದ್ದರೆ ಕಾಲಮ್ಮಿಗೆ ನೀರು ಸೇರಿದೆ, ಒಣ ಕ್ಯಾರಿಯರ್ ಹರಿಸುತ್ತಾ ಕಾಯಿಸಿ. ವಾಲ್ವ್ ತಿರುಗಿದಾಗಲೆಲ್ಲ ಬೇಸ್‌ಲೈನ್ ಜಿಗಿಯುವುದು, ಹಿಂದಿನ ಸ್ಯಾಂಪಲಿನ ನೆರಳು ಮುಂದಿನದರಲ್ಲಿ ಕಾಣುವುದು ವಾಲ್ವಿನ ರೋಟರ್ ಸವೆದ ಲಕ್ಷಣ. ಅದನ್ನು ಬದಲಾಯಿಸಬೇಕು, ಬಿಗಿ ಮಾಡಿ ಪ್ರಯೋಜನವಿಲ್ಲ. ಮೀಥೈಲ್ ಕ್ಲೋರೋಫಾರ್ಮ್ ಜಾಗದಲ್ಲಿ ದೊಡ್ಡ ಪೀಕ್ ಕಂಡರೆ ಗುರುತು ತಪ್ಪಿದೆ ಅಂತಲೇ ತಿಳಿಯಿರಿ. 1990ರ ದಶಕದ ಆರಂಭದಲ್ಲಿ ನೂರು ಪಿಪಿಟಿ ದಾಟಿದ್ದ ಆ ಅನಿಲ ಈಗ ಒಂದು ಪಿಪಿಟಿಯ ಆಸುಪಾಸು.

ಸ್ಟ್ಯಾಂಡರ್ಡೇ ಸುಳ್ಳು ಹೇಳುತ್ತಿದೆಯಾ?

ಒಂದೇ ಸಿಲಿಂಡರ್ ನಂಬಿ ಕೂತವರಿಗೆ ಈ ಪ್ರಶ್ನೆಗೆ ಉತ್ತರ ಸಿಗುವುದೇ ಇಲ್ಲ. ಎರಡನೆಯದೊಂದು ಇರಲಿ, ತಿಂಗಳಿಗೊಮ್ಮೆ ಎರಡನ್ನೂ ತಾಳೆ ನೋಡಿ. ಅವುಗಳ ಅನುಪಾತ ನಿಧಾನಕ್ಕೆ ಸರಿಯುತ್ತಿದ್ದರೆ ಒಂದು ಕೆಟ್ಟಿದೆ. ಕಾರ್ಬನ್ ಟೆಟ್ರಾಕ್ಲೋರೈಡ್ ಸಿಲಿಂಡರಿನ ಗೋಡೆಗೆ ಅಂಟುವ ಸ್ವಭಾವದ್ದು, ಮೊದಲು ಸುಳಿವು ಕೊಡುವುದು ಸಾಮಾನ್ಯವಾಗಿ ಅದೇ. ಇಸಿಡಿಯ ಪ್ರತಿಕ್ರಿಯೆ ನೇರ ಗೆರೆಯಲ್ಲ, ಆದ್ದರಿಂದ ಸ್ಟ್ಯಾಂಡರ್ಡ್ ಹೊರಗಾಳಿಯ ಮಟ್ಟಕ್ಕೆ ಹತ್ತಿರವೇ ಇರಬೇಕು. ಪ್ರತಿ ಸ್ಯಾಂಪಲಿನ ಹಿಂದೆ ಮುಂದೆ ಸ್ಟ್ಯಾಂಡರ್ಡ್ ಓಡಿಸಿ. ಗ್ಯಾಸ್ ಜಾಸ್ತಿ ಖರ್ಚಾಗುತ್ತದೆ ನಿಜ, ಆದರೆ ಬೇರೆ ದಾರಿ ಇಲ್ಲ.

ಮಾಸ್ ಸ್ಪೆಕ್ಟ್ರೋಮೀಟರ್ ಇದ್ದವರಿಗೆ

ಎಸಿಯಿಂದ ಸೋರುವ ಎಚ್‌ಸಿಎಫ್‌ಸಿ-22, ಎಚ್‌ಎಫ್‌ಸಿ-134ಎ ಇಸಿಡಿಗೆ ಸರಿಯಾಗಿ ಕಾಣುವುದಿಲ್ಲ, ಅದಕ್ಕೇ ಈ ಯಂತ್ರ. ಸಂವೇದನೆ ಕುಸಿದರೆ ಕಣದ ತೂಕ 28 (ನೈಟ್ರೋಜನ್) ಮತ್ತು 32ರ (ಆಕ್ಸಿಜನ್) ಪೀಕ್ ನೋಡಿ. ಎರಡರ ಅನುಪಾತ ನಾಲ್ಕಕ್ಕೊಂದು ಇದ್ದರೆ ಗಾಳಿ ಸೋರುತ್ತಿದೆ. 18 ಎತ್ತರವಿದ್ದರೆ ನೀರು. ಗಾಳಿ ಹಿಡಿಯುವ ತಣ್ಣನೆ ಟ್ರಾಪಿನಲ್ಲಿ ಹರಿವು ಮಧ್ಯದಲ್ಲೇ ಇಳಿಯುತ್ತಾ ಹೋದರೆ ಒಳಗೆ ಮಂಜುಗಡ್ಡೆ ಕಟ್ಟಿದೆ, ಮತ್ತೆ ಡ್ರೈಯರ್ ಕಡೆಗೇ ಹೋಗಿ.

ದ್ರವ ನೈಟ್ರೋಜನ್ ಬಳಸುವವರು ಒಂದು ವಿಷಯ ಮರೆಯಬಾರದು. ನೈಟ್ರೋಜನ್ ಕುದಿಯುವುದು ಮೈನಸ್ 196 ಡಿಗ್ರಿಯಲ್ಲಿ, ಆಕ್ಸಿಜನ್ ಮೈನಸ್ 183ರಲ್ಲಿ. ಅಂದರೆ ಟ್ರಾಪಿನ ಮೂಲಕ ಗಾಳಿ ಎಳೆಯುತ್ತಲೇ ಇದ್ದರೆ ದ್ರವ ಆಕ್ಸಿಜನ್ ಕೂಡಬಹುದು. ತಿಳಿನೀಲಿ ದ್ರವ ಕಂಡರೆ ಮುಚ್ಚಬೇಡಿ, ಅಲುಗಿಸಬೇಡಿ, ಹತ್ತಿರ ಎಣ್ಣೆ–ಬೆಂಕಿ ಬೇಡ. ಎಲ್ಲರನ್ನೂ ಹೊರಗೆ ಕಳಿಸಿ, ಕಿಟಕಿ ತೆರೆದು, ತಾನಾಗಿ ಆವಿಯಾಗಲು ಬಿಡಿ. ಒಂದು ಲೀಟರ್ ದ್ರವ ನೈಟ್ರೋಜನ್ ಸುಮಾರು 700 ಲೀಟರ್ ಅನಿಲವಾಗುತ್ತದೆ. ಮುಚ್ಚಿದ ಎಸಿ ಕೋಣೆಯಲ್ಲಿ ಉಸಿರಾಡುವ ಗಾಳಿಯನ್ನೇ ಅದು ತಳ್ಳಿಬಿಡುತ್ತದೆ.

ಎಲ್ಲಿ ಕೈ ತೆಗೆಯಬೇಕು

ಕಾಯಿಸಿದ ಮೇಲೂ ಡಿಟೆಕ್ಟರ್ ಬೇಸ್‌ಲೈನ್ ಇಳಿಯಲಿಲ್ಲ ಅಂದರೆ ಅಲ್ಲಿಗೆ ನಿಲ್ಲಿಸಿ. ಈ ವಿಕಿರಣ ಮೂಲಗಳು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದ ಕೆಳಗೆ ಬರುತ್ತವೆ. ಸಂಸ್ಥೆಯ ರೇಡಿಯೇಷನ್ ಸೇಫ್ಟಿ ಆಫೀಸರಿಗೆ ತಿಳಿಸಿ, ವಿಕಿರಣ ವಸ್ತು ಹೊರಗೆ ಸೋರಿದೆಯಾ ಎಂದು ಒರೆಸಿ ನೋಡುವ ಪರೀಕ್ಷೆ ಮಾಡಿಸಿ, ಯಂತ್ರ ಕೊಟ್ಟವರನ್ನು ಕರೆಯಿರಿ. ಡಿಟೆಕ್ಟರ್ ಕೆಳಗೆ ಬಿದ್ದಿದ್ದರೆ, ಬೆಂಕಿ ತಾಗಿದ್ದರೆ, ಪ್ರವಾಹದ ನೀರಿಗೆ ಸಿಕ್ಕಿದ್ದರೆ ಮುಟ್ಟುವ ಮೊದಲೇ ಅವರಿಗೆ ಹೇಳಬೇಕು. ಸಾಮಾನ್ಯ ಗೈಗರ್ ಮೀಟರ್ ಹಿಡಿದು ಏನೂ ಕಾಣಲಿಲ್ಲ ಅಂತ ಸಮಾಧಾನ ಪಡಬೇಡಿ, ನಿಕಲ್-63ರ ಕಿರಣ ಎಷ್ಟೋ ಮೀಟರುಗಳ ಕಿಟಕಿಯನ್ನೇ ದಾಟುವುದಿಲ್ಲ. ಒದ್ದೆಯಾದ ಸ್ವಿಚ್ ಬೋರ್ಡ್, ಸರಪಳಿ ಕಟ್ಟದ ಸಿಲಿಂಡರ್, ತಿರುಗದ ಸಿಲಿಂಡರ್ ವಾಲ್ವ್ ಇವಕ್ಕೂ ಬಲ ಪ್ರಯೋಗ ಬೇಡ.

ಎಂಜಿನಿಯರಿಗೆ ಬರೀ ‘ಪೀಕ್ ಸರಿ ಬರುತ್ತಿಲ್ಲ’ ಅಂದರೆ ಅವರೂ ನಟ್ಟು ಬಿಗಿ ಮಾಡಲು ಶುರುಮಾಡುತ್ತಾರೆ. ಚೆನ್ನಾಗಿದ್ದ ದಿನದ ಮತ್ತು ಕೆಟ್ಟ ದಿನದ ಸ್ಟ್ಯಾಂಡರ್ಡ್ ಚಿತ್ರಗಳನ್ನು ಒಂದೇ ಅಳತೆಯಲ್ಲಿ ಪಕ್ಕಪಕ್ಕ ಇಟ್ಟು ಕಳಿಸಿ, ಜೊತೆಗೆ ಸಿಲಿಂಡರ್ ಬದಲಾಯಿಸಿದ ತಾರೀಕು, ಕೋಣೆಯ ತಾಪ, ಲೂಪಿನ ಒತ್ತಡ. ಅವರು ಬರುವ ತನಕ ಓವನ್ ತಾಪ ಇಳಿಸಿಡಿ, ಆದರೆ ಕ್ಯಾರಿಯರ್ ಮತ್ತು ಮೇಕಪ್ ಗ್ಯಾಸ್ ನಿಲ್ಲಿಸಬೇಡಿ. ಸಣ್ಣಗೆ ಹರಿಯುತ್ತಿರಲಿ, ಇಲ್ಲದಿದ್ದರೆ ಕರಾವಳಿಯ ಒದ್ದೆ ಗಾಳಿ ಹಿಂದಿನ ಬಾಗಿಲಿನಿಂದ ಡಿಟೆಕ್ಟರಿಗೆ ನುಗ್ಗುತ್ತದೆ.